ಕೋಟಿಂಗ್ ಬೇಡ

ಗ್ಯಾರೇಜಿನಲ್ಲಿ ಸ್ಕೂಟರಿನ ರಿಪೇರಿ ಮುಗಿಯಲೆಂದು ಪಕ್ಕದ ಪಾಲಿಶ್ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಒಬ್ಬ ಹೆಂಗಸು ಕಾರಿನ ಒಂದೇ ಒಂದು ಅಲ್ಯುಮಿನಿಯಂ ಚಕ್ರವನ್ನು ಮಗುವಿನಂತೆ ಎತ್ತಿಕೊಂಡು ಬಂದಳು.

“ಇದನ್ನ ಪಾತ್ರೆ ಉಜ್ಜೋ ನಾರಲ್ಲಿ ಉಜ್ಜಿದೋರು ಯಾರಮ್ಮ? ಮೈಯೆಲ್ಲ ಗೀರು!” ಎಂದ ಪಾಲಿಶಿನವನು.

“ನಮ್ಮಪ್ಪ ಕಣಣ್ಣ. ನಲವತ್ತು ವರ್ಷ ಡ್ರೈವರಾಗಿದ್ರು. ಕಾರು ಮಾರಿದ್ವಿ, ಇದೊಂದು ಉಳೀತು.”

“ಗೀರು ತೆಗೆದು ಕೋಟಿಂಗ್ ಹಾಕಿಬಿಡ್ತೀನಿ. ಎರಡು ವರ್ಷ ಯಾರೂ ಉಜ್ಜೋದೇ ಬೇಡ.”

“ಅಯ್ಯೋ, ಕೋಟಿಂಗ್ ಮಾತ್ರ ಬೇಡ.”

“ವಾರಕ್ಕೇ ಮಂಕಾಗುತ್ತಲ್ಲಮ್ಮ!”

“ಆಗ್ಲಿ ಬಿಡಣ್ಣ. ಅಪ್ಪಂಗೀಗ ನನ್ನ ಹೆಸರೂ ನೆನಪಿಲ್ಲ. ಇದನ್ನ ತೊಡೆ ಮೇಲಿಟ್ಕೊಂಡು ಉಜ್ಜುವಾಗ ಮಾತ್ರ ಮಾತಾಡ್ತಾರೆ. ಹೊಳಪಲ್ಲಿ ದಾರಿ ಕಾಣುತ್ತಂತೆ. ಮೊನ್ನೆ ಕೂತಲ್ಲಿಂದ್ಲೇ ಸಮುದ್ರದ ತನಕ ಹೋಗಿದ್ವಿ. ಗೀರು ಬಿದ್ಮೇಲೆ, ಬರೀ ಮಂಜು ಅಂತ ಸುಮ್ಮನೆ ಕೂತ್ಬಿಟ್ಟಿದಾರೆ.”

ಅವನು ಮಷಿನ್ ಹಚ್ಚಿದ. ಅದರ ಗುಂಯ್ ಸದ್ದಿಗೆ ನನಗೆ ಜೊಂಪು ಹತ್ತಿತು. ಕಣ್ಣು ಬಿಟ್ಟಾಗ ಚಕ್ರದ ತುಂಬ ಆಕಾಶವಿತ್ತು.

“ಈ ಮೆತ್ತನೆ ಬಟ್ಟೆ ಕೊಡು ಅವರಿಗೆ. ನಾರನ್ನ ಎಲ್ಲಾದ್ರೂ ಬಚ್ಚಿಡು.”

“ಆಯ್ತಣ್ಣ.”

“ದೂರ ಹೋಗೋದಿದ್ರೆ ನಿಧಾನಕ್ಕೆ ಓಡಿಸ್ಲಿ ಅಂತ ಹೇಳಮ್ಮ.”

“ಪಕ್ಕದ ಸೀಟಲ್ಲಿ ನಾನಿರ್ತೀನಲ್ಲ” ಎನ್ನುತ್ತ ಅವಳು ಚಕ್ರವನ್ನು ಅವಚಿಕೊಂಡು ರಸ್ತೆ ದಾಟಿದಳು.