ಆಲದ ತಿರುವಿನ ಟೈರು

ದೀಪ ಸಣ್ಣ ಮಾಡಿ. ಇದು ಯಾರೋ ಎಲ್ಲೋ ಕೇಳಿದ ಕತೆಯಲ್ಲ... ನಮ್ಮ ಪಕ್ಕದ ಮನೆಯ ಬಿಸುನ್‌ಗೆ ಆದದ್ದು.

ಶುಕ್ರವಾರ. ಕತ್ತಲಾಗಿತ್ತು. ಬಿಸುನ್ ತಾನು ಓಡಿಸುವ ಗಾಡಿಯನ್ನು ಬಾಸ್‌ನ ಅಂಗಳದಲ್ಲಿ ನಿಲ್ಲಿಸಿ, ಗುಡ್ಡದ ರಸ್ತೆಯಲ್ಲಿ ಮನೆ ಕಡೆ ನಡೆಯುತ್ತಿದ್ದ. ಮಳೆ ಆಗಷ್ಟೇ ನಿಂತಿತ್ತು. ಮುಂದೆ ತಿರುವು... ತಿರುವಿನಲ್ಲಿ ಆಲದ ಮರ. ಬಿಸುನ್ ಮರವನ್ನು ನೋಡಲಿಲ್ಲ. ಬಾಸ್ ಆಡಿದ ಮಾತು ಇನ್ನೂ ಕಿವಿಯಲ್ಲೇ ಇತ್ತು.

"ಬಾಸ್, ಮುಂದಿನ ಎಡಗಡೆ ಟೈರು ಮುಗೀತು. ತಂತಿ ಕಾಣ್ತಿದೆ. ನಾಳೆ ಹೆಂಗಸರನ್ನ ಲಂಬಾಸಾ ಸಂತೆಗೆ ಇಳಿಸ್ಬೇಕು," ಅಂದಿದ್ದ ಬಿಸುನ್.

ಸತೇನ್ ಬಾಸ್ ಚಪ್ಪಲಿ ಕಾಲಲ್ಲಿ ಟೈರಿಗೆ ಒದ್ದಿದ್ದ. ಧಪ್.

"ಕೇಳಿಸ್ತಾ? ಕಲ್ಲಿದ್ದಂಗಿದೆ. ಮೊನ್ನೆ ತಾನೇ ಗೀರು ಕೊಯ್ಸಿದೀನಿ. ನೀನೇನು ಟೈರಿನ ಡಾಕ್ಟರಾ?"

"ಅಲ್ಲ ಬಾಸ್..."

"ಅಲ್ಲ ಅಂದ್ಮೇಲೆ ಮನೆಗೆ ಹೋಗು."

ಹೋದ. ಬಾಲ ಮುದುರಿಕೊಂಡು ಹೋದ.

ಗೀರು ಕೊಯ್ಯುವುದು ಅಂದರೆ ಏನು ಗೊತ್ತಾ? ಹೊಸ ಟೈರಿನ ಗೀರಿನೊಳಗೆ ಅಡ್ಡಕ್ಕೆ ಸಣ್ಣ ಸಣ್ಣ ರಬ್ಬರ್ ದಿಣ್ಣೆಗಳಿರುತ್ತವೆ. ಟೈರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂತೋ, ಅದರ ಆಯಸ್ಸು ತೀರಿತು. ಕಿತ್ತು ಎಸೆಯಬೇಕು. ನಮ್ಮ ದ್ವೀಪದ ಮಹಾನುಭಾವರು ಎಸೆಯುವುದಿಲ್ಲ. ಕಾದ ಬ್ಲೇಡಿನಲ್ಲಿ ಆ ದಿಣ್ಣೆಯನ್ನೂ ಕೊಯ್ದು, ಬೋಳು ರಬ್ಬರಿನ ಮೇಲೆ ಹೊಸ ಗೀರು ಬರೆಸುತ್ತಾರೆ. ಮೇಲೆ ಕರಿ ಬೂಟು ಪಾಲಿಶ್. ಹೆಣಕ್ಕೆ ಪೌಡರ್ ಹಚ್ಚಿ ಮದುವೆಗೆ ಕೂರಿಸಿದ ಹಾಗೆ! ಸತೇನ್ ಬಾಸ್‌ನ ಸ್ವಂತ ಕಾರಿಗೆ ಮಾತ್ರ ನಾಲ್ಕೂ ಹೊಸ ಟೈರು. ಅದರಲ್ಲಿ ಅವನ ಹೆಂಡತಿ ಮಕ್ಕಳು ಕೂರುತ್ತಾರೆ ನೋಡಿ.

ಹಿಂದಿನ ವರ್ಷ ಇದೇ ತಿರುವಿನಲ್ಲಿ ಇದೇ ಗಾಡಿಯ ಟೈರು ಸಿಡಿದಿತ್ತು. ಆಗ ಡ್ರೈವರ್ ಬೇರೆಯವನು. ಹಿಂದೆ ಹಲಗೆ ಮೇಲೆ ಕೂತ ಹೆಂಗಸರಿಗೆ ರಬ್ಬರ್ ಸುಟ್ಟ ವಾಸನೆ ಬಂತು. ಅವರು ಕ್ಯಾಬಿನ್ ಬಡಿದರು. ಇಲ್ಲಿ ಯಾರಿಗಾದರೂ ಇಳಿಯಬೇಕಾದರೆ ಹಾಗೇ ಬಡಿಯುವುದು. ಗುಡ್ಡದಲ್ಲಿ ನಿಲ್ಲಿಸಬೇಡ ಅಂತ ಬಾಸ್‌ನ ಅಪ್ಪಣೆ ಇತ್ತು. ಡ್ರೈವರ್ ನಿಲ್ಲಿಸಲಿಲ್ಲ. ಟೈರು ಸಿಡಿದು ಗಾಡಿ ಮಗುಚಿತು. ಊರಿಗೆಲ್ಲ ಬುಬು, ಅಂದರೆ ಅಜ್ಜಿ, ಆಗಿದ್ದ ಮೆರೆಸೇನಿ ತನ್ನ ಕೆಸುವಿನ ಗೆಡ್ಡೆಗಳ ನಡುವೆ ಅಲ್ಲೇ ಹೋದಳು.

ಆಮೇಲೆ ಏನು ಮಾಡಿದರು? ಟೈರು ಬದಲಿಸಿದರಾ? "ಆಲದ ಮರದ ದೆವ್ವ ಗಾಡಿ ಉರುಳಿಸ್ತು" ಅಂದ ಸತೇನ್ ಬಾಸ್. ಊರ ಹಿರಿಯರು ಹೌದು ಹೌದು ಅಂದರು. ಮತ್ತು ಬರಿಸುವ ಕಾವಾ ಬೇರು ಒಂದು ಕಟ್ಟು ತಂದು ಮರದ ಬುಡದಲ್ಲಿಟ್ಟು, ಕೈ ತಟ್ಟಿ ಕ್ಷಮೆ ಕೇಳಿ, ಉಳಿದದ್ದನ್ನು ಕುಟ್ಟಿ ಕಲಸಿ ತಾವೇ ಕುಡಿದು ಮಲಗಿದರು. ಟೈರಿನ ಪಾಪ ಮರದ ತಲೆಗೆ! ಕೊಂದವನೇ ಬಟ್ಟಲು ಹಂಚಿದ, ಇವರು ಕೈಯೊಡ್ಡಿ ಇಸಿದುಕೊಂಡರು. ಥೂ!

ಸರಿ. ಬಿಸುನ್ ತಿರುವಿಗೆ ಬಂದ.

ಹಿಂದೆ ಸದ್ದು... ಸ್ಸ್ಸ್ಸ್... ಒದ್ದೆ ಡಾಂಬರಿನ ಮೇಲೆ ಬೋಳು ಟೈರು ಉರುಳುವ ಸದ್ದು. ಅದರ ಜೊತೆಗೆ ಟಿಕ್... ಟಿಕ್... ಟಿಕ್... ಹೊರಬಂದ ತಂತಿ ನೆಲಕ್ಕೆ ತಾಗುವ ಸದ್ದು. ಡ್ರೈವರ್ ಕಿವಿಗೆ ಅದು ತಪ್ಪುವುದಿಲ್ಲ.

ತಿರುಗಿದ. ದೀಪ ಇಲ್ಲ. ಇಂಜಿನ್ ಇಲ್ಲ. ರಸ್ತೆ ಖಾಲಿ.

ನಡೆದ. ಸ್ಸ್ಸ್ಸ್... ಟಿಕ್... ನಿಂತ. ಅದೂ ನಿಂತಿತು.

ದಡ್ ದಡ್. ತಗಡಿನ ಮೇಲೆ ಅಂಗೈ ಬಡಿದ ಹಾಗೆ. ಅವನ ತಲೆಯ ಹಿಂದೆಯೇ.

"ಡ್ರೈವರ್..." ಪಿಸುಮಾತು. "ನಿಲ್ಸು."

"ಯಾ... ಯಾರು?"

"ಇಳೀತೀವಿ."

"ಇಲ್ಲಿ ಯಾಕೆ, ಬುಬು?" ಬುಬು ಅನ್ನುವ ಮಾತು ಬಾಯಿಂದ ಹೇಗೆ ಬಂತೋ ಅವನಿಗೇ ಗೊತ್ತಿಲ್ಲ.

"ವಾಸನೆ ಬರ್ತಿದೆ, ಮಗಾ."

ಬಂತು. ಸುಟ್ಟ ರಬ್ಬರಿನ ವಾಸನೆ... ಮೂಗು ಉರಿಯುವಷ್ಟು.

ಬಿಸುನ್ ಓಡಿದ. ಮನೆ ಕಡೆಗಲ್ಲ... ಬಾಸ್‌ನ ಅಂಗಳಕ್ಕೆ. ಸೀಟಿನ ಕೆಳಗಿದ್ದ ಕಬ್ಬು ಕಡಿಯುವ ಕತ್ತಿ ಎಳೆದು, ಮುಂದಿನ ಎಡಗಡೆ ಟೈರಿನ ಪಕ್ಕೆಗೆ ಚುಚ್ಚಿ ಕೊಯ್ದ. ಫುಸ್ಸ್... ಗಾಡಿ ಒಂದು ಮೂಲೆಗೆ ಕುಸಿಯಿತು. ಬಾಯಿ ಬಿಟ್ಟು, ಈ ಗಾಡಿ ಓಡಿಸೋದಿಲ್ಲ ಅನ್ನುವ ಧೈರ್ಯ ಇರಲಿಲ್ಲ, ಕತ್ತಿ ಹಿಡಿಯುವ ಧೈರ್ಯ ಇತ್ತು. ಅಷ್ಟಾದರೂ ಇತ್ತಲ್ಲ.

ಬೆಳಿಗ್ಗೆ ಹೆಂಗಸರು ಬುಟ್ಟಿ ಹೊತ್ತು ಅಂಗಳಕ್ಕೆ ಬಂದರು. ಬಾಸ್ ಕುಣಿಯುತ್ತಿದ್ದ.

"ನಾಲ್ಕೂ ಕೊಯ್ದಿದೀಯಲ್ಲೋ, ನಾಯಿ!"

"ಒಂದೇ, ಬಾಸ್," ಅಂದ ಬಿಸುನ್. "ಎಡಗಡೆದು. ನಾನೇ ಕೊಯ್ದೆ. ಪೊಲೀಸ್‌ಗೆ ಹೇಳೋದಾದ್ರೆ ಹೇಳಿ. ಮಿಕ್ಕ ಮೂರು ನಂಗೊತ್ತಿಲ್ಲ."

"ಮತ್ಯಾರು, ನಿಮ್ಮಪ್ಪ ಕೊಯ್ದ್ನಾ?"

ಮೆರೆಸೇನಿಯ ಮಗಳು ವಸಿತಿ ಬುಟ್ಟಿ ಇಳಿಸಿದಳು. "ಮರಕ್ಕೆ ಕಾವಾ ಕಮ್ಮಿ ಹಾಕಿದ್ರೇನೋ, ಬಾಸ್. ಈ ಸಲ ದೆವ್ವಕ್ಕೆ ಟೈರೇ ತಗೊಂಡೋಗಿ ಕೊಡಿ. ಹೊಸದು, ಆಯ್ತಾ? ಅದಕ್ಕೂ ಪಾಲಿಶ್ ಬಳಿದು ಕೊಟ್ಟೀರಿ!"

ಹೆಂಗಸರೆಲ್ಲ ಗೊಳ್ಳೆಂದರು. ಬುಟ್ಟಿ ಎತ್ತಿಕೊಂಡು ಬಸ್ಸಿಗೆ ನಡೆದರು. ಒಬ್ಬಳೂ ಆ ಗಾಡಿ ಹತ್ತಲಿಲ್ಲ. ಹೊಸ ಟೈರು ಬೀಳುವ ತನಕ ಹತ್ತಲೂ ಇಲ್ಲ.

ಟೈರು ಬಿಚ್ಚಲು ಬಂದವನು ಟೈರಿನ ಅಂಗಡಿಯ ಇಲೈಸಾ. ಬಿಸುನ್ ಕೊಯ್ದ ಟೈರು ನೋಡಿದ: ಕತ್ತಿ ಹೊರಗಿನಿಂದ ಹೋಗಿತ್ತು, ಸರಿ. ಮಿಕ್ಕ ಮೂರನ್ನು ರಿಮ್ಮಿನಿಂದ ಕಳಚಿ ಬೋರಲು ಹಾಕಿದ. ಆಮೇಲೆ ಬಿಸುನ್‌ನನ್ನು ಕರೆದು ತೋರಿಸಿದ. ಒಳಗಡೆ ಕೊಯ್ತ ಗೇಣುದ್ದ. ಹೊರಗೆ ಬರುಬರುತ್ತಾ ಸಣ್ಣದಾಗಿ, ಉಗುರಿನಷ್ಟೇ ಉಳಿದಿತ್ತು.

ನಗುವವರು ನಗಲಿ. ಒಂದು ಟೈರನ್ನು ವಸಿತಿ ಮನೆಗೆ ಒಯ್ದು ಹಿತ್ತಲಲ್ಲಿ ಒರಗಿಸಿಟ್ಟಿದ್ದಾಳೆ. ನಾನೇ ಹೋಗಿ ಕೈ ಹಾಕಿ ನೋಡಿದ್ದೇನೆ... ಅದನ್ನು ಕೊಯ್ದದ್ದು ಒಳಗಿನಿಂದ.