ತುತ್ತೂರಿಗೆ ಕೇಳದ ಜೋಗುಳ

ಪಕ್ಕದ ಮನೆಯ ಮಾತು ಕಿವಿಗೆ ಬಿದ್ದು, ಅಂಗಳ ಗುಡಿಸುತ್ತಿದ್ದ ನಾಗಕ್ಕನ ಕೈ ನಿಂತಿತು. ಚಳ್ಳಕೆರೆಗೆ ಬಂದಿದ್ದ ಹಾಡು ಹಿಡಿಯುವ ಯಂತ್ರದ ತುತ್ತೂರಿಗೆ ಬಾಯಿಟ್ಟು ನಿನ್ನೆ ಆ ಮನೆಯ ಕಾಟಮ್ಮ ಮೆಲ್ಲಗೆ ಜೋಗುಳ ಹಾಡಿದ್ದಳು. ಮೇಣದ ತಟ್ಟೆಯಲ್ಲಿ ದನಿಯೇ ಮೂಡಿರಲಿಲ್ಲ.

“ಇವತ್ತು ಕೂಗಿ ಹಾಡು,” ಎಂದ ಅವಳ ಗಂಡ ಜಂಪಣ್ಣ.

“ಆ ಯಂತ್ರದವನ ತುತ್ತೂರಿ ಸಣ್ಣದು ಕಣ್ರಿ. ದೊಡ್ಡದಿದ್ರೆ ಮೆಲ್ಲಗೆ ಹಾಡಿದ್ರೂ ಹಿಡೀತೈತಂತೆ.”

“ತುತ್ತೂರಿ ಯಾವುದಾದ್ರೇನು? ಕುರಿ ಕರಿಯೋ ಗಂಟಲು ಐತಲ್ಲ ನಿಂಗೆ!”

“ನಮ್ಮವ್ವ ನನ್ನ ಮಲಗಿಸಿದ ಹಾಡು ಅದು. ಕೂಗಿದ್ರೆ ಕೆಡ್ತೈತೆ. ನಾ ಬರಲ್ಲ.”

“ಗೌಡ್ರ ಮುಂದೆ ಮಾತು ಕೊಟ್ಟೀನಿ. ನಡಿ.”

ಕಾಟಮ್ಮ ಸೆರಗು ಹೊದ್ದು ಅವನ ಹಿಂದೆ ಹೊರಟಳು. ಅಷ್ಟು ಹೊತ್ತೂ ಇಬ್ಬರ ಮುಖ ನೋಡುತ್ತಿದ್ದ ಪುಟ್ಟ ಮಗಳು ಬೀದಿಯಲ್ಲಿ ಕೇಳಿಯೇಬಿಟ್ಟಳು:

“ಅವ್ವಾ, ಕೂಗಿದ್ರೆ ಕೂಸು ಹೆಂಗೆ ಮಲಗ್ತೈತೆ?”