ಸಾವಿನ ಮನೆಗೆ ಒಯ್ಯುವ ಬುತ್ತಿ

ಒಂದೂರಿನಲ್ಲಿ ಒಬ್ಬ ಸಾಹುಕಾರನಿದ್ದ. ಕೆಟ್ಟವನಲ್ಲ, ನೋಡಿ. ಲೆಕ್ಕದ ತಲೆಯವನು, ಅಷ್ಟೇ. ಏನು ಕಂಡರೂ ಇದರಲ್ಲಿ ಹಾಳಾಗುವುದೆಷ್ಟು, ಉಳಿಸಬಹುದಾದದ್ದೆಷ್ಟು ಎಂದೇ ಅವನ ಮನಸ್ಸು ಓಡುತ್ತಿತ್ತು.

ಆ ಊರಲ್ಲೂ ನಮ್ಮಲ್ಲಿಯ ಪದ್ಧತಿಯೇ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಓಣಿಯವರು ಬುತ್ತಿ ಕಟ್ಟಿಕೊಂಡು ಹೋಗಿ, ಆ ಮನೆಯವರಿಗೆ ಉಣಿಸಿ ಬರಬೇಕು. ಒಂದು ಸಲ ಸಾಹುಕಾರ ಅಂಥ ಮನೆಯಲ್ಲಿ ಕುಳಿತು ಎಣಿಸಿದ. ಉಣ್ಣುವವರು ಐದು ಜನ, ಬಂದ ಬುತ್ತಿ ಇಪ್ಪತ್ತೆರಡು! ಎಲ್ಲದರಲ್ಲೂ ಅದೇ ರೊಟ್ಟಿ, ಅದೇ ಪಲ್ಯ. ಸಂಜೆಗೆ ಅರ್ಧಕ್ಕರ್ಧ ದನಗಳ ಪಾಲಾಯಿತು.

ಅದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ. ಊರ ಹಿರಿಯರನ್ನು ಕೂಡಿಸಿ ಹೇಳಿದ: "ಒಂದ್ ಮನಿ ಸಲುವಾಗಿ ಇಪ್ಪತ್ತೆರಡು ಒಲಿ ಯಾಕ ಉರೀಬೇಕು? ಇನ್ನ ಮ್ಯಾಲೆ ಯಾರ ಮನ್ಯಾಗ ಸಾವಾದ್ರೂ ನಮ್ಮ ಮನಿಯಿಂದ ಊಟ ಹೋಗತೈತಿ. ನೀವ್ಯಾರೂ ತ್ರಾಸ ತಗೋಬ್ಯಾಡ್ರಿ."

ಜನ ಬೇಡ ಅಂದರೇ? ಇಲ್ಲ. ಕೈಮುಗಿದರು. ಧರ್ಮಾತ್ಮ ಅಂದರು. ಒಂದು ಕೆಲಸ ತಪ್ಪಿತಲ್ಲ! ಅಂದಿನಿಂದ ಸಾವಿನ ಮನೆಗೆ ಹೊತ್ತಿಗೆ ಸರಿಯಾಗಿ ಬಿಸಿ ಊಟ ಹೋಗುತ್ತಿತ್ತು. ಒಂದು ತುತ್ತೂ ಹಾಳಾಗುತ್ತಿರಲಿಲ್ಲ.

ನಾಲ್ಕು ವರ್ಷ ಹೀಗೇ ನಡೆಯಿತು. ಆಮೇಲೆ ಸಾಹುಕಾರನ ಹೆಂಡತಿ ತೀರಿಕೊಂಡಳು.

ಮಣ್ಣಿಗೆ ಎಲ್ಲರೂ ಬಂದರು. ಮಣ್ಣು ಮುಗಿಸಿ ಎಲ್ಲರೂ ಹೋದರು. ಮರುದಿನ ಹೊತ್ತು ನೆತ್ತಿಗೆ ಬಂದರೂ ಪಡಸಾಲೆಯಲ್ಲಿ ಅವನೊಬ್ಬನೇ. ಅಡುಗೆಯವನು ತಾಟು ತಂದಿಟ್ಟು ಹೋದ. ಸಾವಾದ ಮನೆಯಲ್ಲೇ ಒಲೆ ಉರಿದಿತ್ತು; ಅವನದೇ ಅಡುಗೆಮನೆ, ಅವನದೇ ಅನ್ನ. ಒಂದು ತುತ್ತು ಉಣ್ಣಪ್ಪ ಅನ್ನುವವರಿಲ್ಲ. ಮೂರನೆಯ ದಿನ, ಬಾಗಿಲ ಮುಂದೆ ಹಾದುಹೋಗುತ್ತಿದ್ದ ಪಕ್ಕದ ಮನೆಯ ಮುದುಕಿಯನ್ನು ಕರೆದು ಕೇಳಿಯೇ ಬಿಟ್ಟ: "ಯಾಕಬೇ ಯವ್ವಾ, ನನ್ನ ಮ್ಯಾಲೆ ಸಿಟ್ಟೇನ? ಯಾರೂ ಬರಲಿಲ್ಲಲ್ಲ?"

ಮುದುಕಿ ಹೇಳಿದಳು: "ಸಿಟ್ಟು ಯಾಕ್ರೀ ಸಾವ್ಕಾರ್ರ? ಬರಿಗೈಲೆ ಹೆಂಗ ಬರೂದು? ಬುತ್ತಿ ಇದ್ದಾಗ ಅದರ ನೆವದಾಗ ಒಳಗ ಬರತಿದ್ವಿ, ಕುಂದರತಿದ್ವಿ. ಈಗ ಏನಂತ ಬರಬೇಕು? ನಾಕು ವರ್ಷದಿಂದ ಯಾರ ಮನಿಗೂ ಯಾರೂ ಹೋಗಿಲ್ರಿ. ನನ್ನ ಮಗ ಸತ್ತಾಗ ನಿಮ್ಮ ಊಟ ಬಂದಿತ್ತು. ನೀವು ಬಂದಿದ್ದಿಲ್ಲ."

ಆ ಮುದುಕಿಯ ಮಗ ಸತ್ತದ್ದೇ ಸಾಹುಕಾರನಿಗೆ ನೆನಪಿರಲಿಲ್ಲ. ನಾಚಿಕೆಯಿಂದ ಅವನ ಮೈ ಹಿಡಿಯಷ್ಟಾಯಿತು.

ನೋಡಿ, ಅವನ ಲೆಕ್ಕ ತಪ್ಪಿತ್ತೇ? ರೊಟ್ಟಿಯ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮನುಷ್ಯರು ನಾವು, ಇನ್ನೊಬ್ಬರ ದುಃಖದ ಬಾಗಿಲು ದಾಟಲು ನಮಗೊಂದು ನೆವ ಬೇಕು, ಕೈಯಲ್ಲೊಂದು ಗಂಟು ಬೇಕು. ಅದನ್ನು ಅವನು ಖರ್ಚು ಅಂತ ತಿಳಿದ. ಖರ್ಚು ಉಳಿಸಲು ಹೋಗಿ ಜನ ಬರುವ ದಾರಿಯನ್ನೇ ಮುಚ್ಚಿದ.

ಅವನನ್ನು ಕಂಡು ನಗಬೇಡಿ. ನೀವೇನು ಮಾಡುತ್ತೀರಿ? ಮೊಬೈಲಿನಲ್ಲಿ ಎರಡು ಕೈ ಜೋಡಿಸಿದ ಚಿತ್ರ ಕಳಿಸುತ್ತೀರಿ. ಅಲ್ಲಿಗೆ ಮುಗಿಯಿತು. ಮತ್ತು ನಾನು? ಹೇಳಲು ನನಗೆ ನಾಚಿಕೆಯಾಗುತ್ತದೆ. ಈ ಮಠದ ಹಿಂದಿನ ಓಣಿಯಲ್ಲಿ ಬಳೆಗಾರ ತೀರಿಕೊಂಡು ಇವತ್ತಿಗೆ ಆರು ದಿನ. ಅವನ ಹೆಂಡತಿಗೆ ದಿನಾ ಪ್ರಸಾದ ಕಳಿಸಿದೆ. ಕಳಿಸಿದೆ, ಹೋಗಲಿಲ್ಲ. ನೂರು ಹೆಜ್ಜೆ ಇಲ್ಲ ಆ ಮನೆ. ಈ ಆರು ದಿನ ಪ್ರವಚನದಲ್ಲಿ ನಾನು ದಯೆಯ ಬಗ್ಗೆ ಮಾತಾಡಿದ್ದೆಲ್ಲ ಆ ತಾಯಿಗೆ ಈ ಮೈಕಿನಲ್ಲಿ ಕೇಳಿಸಿದೆ. ಈಗಲೂ ಕೇಳಿಸುತ್ತಿದೆ.

ಇನ್ನು ಮೇಲೆ ಸಾವಿನ ಮನೆಗೆ ಕಳಿಸಬೇಡಿ, ಹೋಗಿ. ನಾಲ್ಕು ರೊಟ್ಟಿ ಹೆಚ್ಚಾದರೆ ಆಗಲಿ, ದನ ತಿನ್ನಲಿ. ಮಾತು ಬರದಿದ್ದರೆ ಸುಮ್ಮನೆ ಕುಳಿತು ಬನ್ನಿ. ಇವತ್ತು ಮಂಗಳ ಹಾಡುವುದು ಬೇಡ. ಆ ಮೈಕು ಬಂದ್ ಮಾಡಿ. ನಾನು ಆ ಮನೆಗೆ ಹೊರಟೆ, ಬರುವವರು ಬನ್ನಿ.